ಪುಣೆ ಪಕ್ಕದಲ್ಲೇ 2 ಮೀಟರ್ ದೂರದರ್ಶಕ ಇರುವಾಗ 38 ಸೆಂ.ಮೀ.ದನ್ನು ಆಕಾಶಕ್ಕೆ ಕಳಿಸಿದ್ದು ಯಾಕೆ?

ಮುಲುಂಡ್ ಅಪ್ಪ
ಮುಂಬೈ, ಪುಣೆ, ಗೋವಾ ಕಡೆಯ ಕನ್ನಡದವರಲ್ಲಿ ಖಗೋಳದ ಹುಚ್ಚು ಇರುವವರು ಇದ್ದೀರಿ ಅಂತ ಗೊತ್ತು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಮಗಳು ಹನ್ನೊಂದನೇ ಕ್ಲಾಸು, ಅವಳ ಪ್ರಾಜೆಕ್ಟು ಆಸ್ಟ್ರೋಸ್ಯಾಟ್ ಬಗ್ಗೆ. 2015ರ ಸೆಪ್ಟೆಂಬರ್ 28ಕ್ಕೆ ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿಯಲ್ಲಿ ಹೋದ ಉಪಗ್ರಹ ಅದು. ಅದರಲ್ಲಿ ಯುವಿಐಟಿ ಅನ್ನುವ ಅತಿನೇರಳೆ ದೂರದರ್ಶಕ ಇದೆ. ಓದಿ ನೋಡಿದರೆ ಕನ್ನಡಿ ಬರೀ 38 ಸೆಂ.ಮೀ. ಅಗಲ! ಇಲ್ಲಿ ಪುಣೆ ಹತ್ತಿರ ಗಿರಾವಲಿಯಲ್ಲಿ ಆಯುಕಾದವರ (ಪುಣೆಯ ಖಗೋಳ ಸಂಶೋಧನಾ ಕೇಂದ್ರ) ದೂರದರ್ಶಕ 2 ಮೀಟರ್. ದೊಡ್ಡದು ನೆಲದ ಮೇಲೆ ಇರುವಾಗ ಚಿಕ್ಕದನ್ನು 650 ಕಿ.ಮೀ. ಮೇಲಕ್ಕೆ ಕಳಿಸಿ ಏನು ಸಿಕ್ಕಿತು? ಪುಸ್ತಕದಲ್ಲಿ "ಓಝೋನ್ ಅಡ್ಡ ಬರುತ್ತದೆ" ಅಂತ ಒಂದೇ ಸಾಲು. ನನಗೂ ಮಗಳಿಗೂ ಅಷ್ಟು ಸಾಲದು.

ಪಾಷಾಣ್ ರಸ್ತೆ
ಒಳ್ಳೆ ಪ್ರಶ್ನೆ ಸರ್. ಗಿರಾವಲಿಯ ಕನ್ನಡಿ 2 ಮೀಟರ್ ಇರಲಿ, 20 ಮೀಟರ್ ಇರಲಿ, 150 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ ಬೆಳಕು ಅದರ ಮೇಲೆ ಬೀಳುವುದೇ ಇಲ್ಲ. ದಾರಿಯಲ್ಲೇ ಮುಗಿದುಹೋಗುತ್ತದೆ. ಬೆಳಕೇ ಬಾರದ ಕಡೆ ಎಷ್ಟು ದೊಡ್ಡ ಕನ್ನಡಿ ಇಟ್ಟರೂ ಸೊನ್ನೆ ಸೊನ್ನೆಯೇ.

ಯುವಿಐಟಿ ಅಂದರೆ ಜೋಡಿ ದೂರದರ್ಶಕ. ಒಂದು ದೂರದ ಅತಿನೇರಳೆಗೆ, ಅಂದರೆ 130ರಿಂದ 180 ನ್ಯಾನೋಮೀಟರ್. ಇನ್ನೊಂದು ಹತ್ತಿರದ ಅತಿನೇರಳೆಗೆ, 200ರಿಂದ 300. ಎರಡನೆಯದರಲ್ಲೇ ಕಣ್ಣಿಗೆ ಕಾಣುವ ಬೆಳಕಿನ ಒಂದು ಕವಲೂ ಇದೆ. ಗಿರಾವಲಿಯಲ್ಲಿ ನೋಡುವುದು ಬೇರೆ ಬೆಳಕು. ಎರಡನ್ನೂ ಒಂದೇ ಅಳತೆಗೋಲಲ್ಲಿ ಅಳೆಯುವ ಹಾಗಿಲ್ಲ.

ವಾಸ್ಕೊ ತಾರಾಲೋಕ
ಎತ್ತರದ ಬೆಟ್ಟದ ಮೇಲೆ ಇಟ್ಟರೆ ಆಗುತ್ತಿರಲಿಲ್ವಾ? ಲಡಾಖ್‌ನ ಹಾನ್ಲೆಯಲ್ಲಿ ಸುಮಾರು 4500 ಮೀಟರ್ ಎತ್ತರದಲ್ಲಿ ನಮ್ಮದೇ ದೂರದರ್ಶಕ ಇದೆಯಲ್ಲ.

ಪಾಷಾಣ್ ರಸ್ತೆ
ಓಝೋನ್ ಜಾಸ್ತಿ ಇರುವುದೇ 15ರಿಂದ 35 ಕಿ.ಮೀ. ಎತ್ತರದಲ್ಲಿ. ಹಾನ್ಲೆ ಇರುವುದು ನಾಲ್ಕೂವರೆ ಕಿ.ಮೀ.ನಲ್ಲಿ. ಇನ್ಫ್ರಾರೆಡ್‌ಗೆ ಹಾನ್ಲೆ ಚಿನ್ನದಂಥ ಜಾಗ, ಯಾಕೆಂದರೆ ನೀರಾವಿ ಕೆಳಗೇ ಉಳಿಯುತ್ತದೆ. ಅತಿನೇರಳೆಗೆ ಅದು ಕೊಲಾಬಾ ಇದ್ದ ಹಾಗೇ.

ಠಾಣೆ ಬಿಎಸ್ಸಿ
ಬಲೂನ್?

ಪಾಷಾಣ್ ರಸ್ತೆ
40 ಕಿ.ಮೀ.ಗೆ ಹೋಗುವ ಬಲೂನಿನಿಂದ ಹತ್ತಿರದ ಅತಿನೇರಳೆ ಸ್ವಲ್ಪ ಮಟ್ಟಿಗೆ ಸಿಗುತ್ತದೆ. ದೂರದ್ದು ಸಿಗುವುದಿಲ್ಲ. ಅಲ್ಲಿ ತಡೆಯುವುದು ಓಝೋನ್ ಒಂದೇ ಅಲ್ಲ, ಮಾಮೂಲಿ ಆಮ್ಲಜನಕವೂ ತಡೆಯುತ್ತದೆ. 200 ನ್ಯಾನೋಮೀಟರ್‌ಗಿಂತ ಕೆಳಗೆ ಆಮ್ಲಜನಕದ ಅಣುಗಳೇ ನುಂಗಿಬಿಡುತ್ತವೆ. ಪುಸ್ತಕದವರು ಬಿಟ್ಟಿರುವುದು ಈ ಅರ್ಧವನ್ನು.

ಮಡಗಾಂವ್ ನರ್ಸ್
ಹಾಗಾದರೆ ಇಲ್ಲಿ ಬೀಚಿನಲ್ಲಿ ಪ್ರವಾಸಿಗರು ಮೈ ಸುಟ್ಟುಕೊಂಡು ಬರುತ್ತಾರಲ್ಲ, ಅದು ಯಾವ ಅತಿನೇರಳೆ? ನೆಲಕ್ಕೆ ಬರುವುದೇ ಇಲ್ಲ ಅಂತೀರಿ.

ಠಾಣೆ ಬಿಎಸ್ಸಿ
ಅಕ್ಕಾ, ಅದು ಯುವಿ-ಎ ಮತ್ತು ಯುವಿ-ಬಿ. 320ರಿಂದ 400 ನ್ಯಾನೋಮೀಟರ್‌ನದು ಬಹುಪಾಲು ಕೆಳಗೆ ಬರುತ್ತದೆ. 280ರಿಂದ 320ರದ್ದು ಸ್ವಲ್ಪ ಮಾತ್ರ ಬರುತ್ತದೆ, ಚರ್ಮ ಸುಡುವುದು ಮುಖ್ಯವಾಗಿ ಅದೇ. ಅದಕ್ಕಿಂತ ಕೆಳಗಿನ ಯುವಿ-ಸಿ ನೆಲ ಮುಟ್ಟುವುದೇ ಇಲ್ಲ. ಯುವಿಐಟಿಯ ಅತಿನೇರಳೆ ಕವಲುಗಳು ಹೆಚ್ಚಾಗಿ ನೋಡುವುದು ಈ ಕೆಳಗೆ ಬಾರದ ಬೆಳಕನ್ನೇ.

ಮಡಗಾಂವ್ ನರ್ಸ್
ಯುವಿ-ಸಿ ಅಂದರೆ ಆಸ್ಪತ್ರೆಯಲ್ಲಿ ಕೋಣೆ ಶುದ್ಧ ಮಾಡಲು ಹಾಕುವ ಲ್ಯಾಂಪಿನದು. ಅದು ಉರಿಯುವಾಗ ನಾವು ಒಳಗೆ ಕಾಲಿಡುವ ಹಾಗಿಲ್ಲ.

ಪಾಷಾಣ್ ರಸ್ತೆ
ಅದೇ. ಮನೆಯ ನೀರಿನ ಪ್ಯೂರಿಫೈಯರ್‌ನಲ್ಲೂ ಅದೇ ಇರುತ್ತದೆ, 254 ನ್ಯಾನೋಮೀಟರ್. ಪಾದರಸದ ಆವಿಯಿಂದ ಬರುವ ಬೆಳಕು. ಲ್ಯಾಂಪ್ ನೀಲಿಯಾಗಿ ಕಾಣುತ್ತದಲ್ಲ, ಆ ನೀಲಿ ಬೇರೆ, ಕ್ರಿಮಿ ಕೊಲ್ಲುವ ಬೆಳಕು ಬೇರೆ. ಕೊಲ್ಲುವುದು ಕಣ್ಣಿಗೆ ಕಾಣುವುದೇ ಇಲ್ಲ. ಇನ್ನೊಂದು ಗಮನಿಸಿ: ಆ ಲ್ಯಾಂಪಿನ ಕೊಳವೆ ಮಾಮೂಲಿ ಗಾಜಿನದಲ್ಲ. ಮಾಮೂಲಿ ಗಾಜು 254ನ್ನು ಹೊರಗೇ ಬಿಡುವುದಿಲ್ಲ. ಕ್ವಾರ್ಟ್ಸ್ ಬೇಕು.

ಬಾಹ್ಯಾಕಾಶ ದೂರದರ್ಶಕದ ತಲೆನೋವೂ ಇಲ್ಲಿಂದಲೇ ಶುರು. 150ಕ್ಕೆ ಹೋದರೆ ಕ್ವಾರ್ಟ್ಸೂ ಕೈಕೊಡುತ್ತದೆ. ಅದಕ್ಕೇ ಯುವಿಐಟಿಯ ಫಿಲ್ಟರುಗಳು ಕ್ಯಾಲ್ಸಿಯಂ ಫ್ಲೋರೈಡ್, ಬೇರಿಯಂ ಫ್ಲೋರೈಡ್, ನೀಲಮಣಿ, ಸಿಲಿಕಾ ಹೀಗೆ ಬೇರೆ ಬೇರೆ ಹರಳಿನವು. ಒಂದೊಂದು ಹರಳು ಒಂದೊಂದು ತರಂಗಾಂತರದಿಂದ ಮೇಲಿನ ಬೆಳಕನ್ನು ಮಾತ್ರ ದಾಟಿಸುತ್ತದೆ. ಆ ಗುಣವನ್ನೇ ಜರಡಿಯಾಗಿ ಬಳಸಿದ್ದಾರೆ.

ವಾಸ್ಕೊ ತಾರಾಲೋಕ
ನನ್ನ ಕ್ಯಾಮೆರಾ ಲೆನ್ಸಿನ ಮುಂದೆ ಯುವಿ ಫಿಲ್ಟರ್ ಇದೆ. ಒಬ್ಬರು ಅದನ್ನು ಹಾಕಿ ಅತಿನೇರಳೆ ಫೋಟೋ ತೆಗೆಯಬಹುದು ಅಂದರು. ಆಗುತ್ತಾ?

ಠಾಣೆ ಬಿಎಸ್ಸಿ
ಇಲ್ಲ ಅಣ್ಣ, ಅದು ಅತಿನೇರಳೆಯನ್ನು ತಡೆಯುವ ಫಿಲ್ಟರ್. ಲೆನ್ಸಿನ ಗಾಜೂ ತಡೆಯುತ್ತದೆ.

ಮಾಟುಂಗಾ ಹೋಟೆಲು
ಎಲ್ಲ ಸರಿ ಮಾರಾಯ್ರೆ. ಆದರೆ ಆಸ್ಟ್ರೋಸ್ಯಾಟ್‌ಗೆ ಸುಮಾರು 178 ಕೋಟಿ ಆಯಿತು ಅಂತ ಆಗ ಪೇಪರಲ್ಲಿ ಓದಿದ್ದೆ. ಕಾಣದ ಬೆಳಕು ನೋಡಲಿಕ್ಕೆ ಅಷ್ಟು ದುಡ್ಡು ಬೇಕಿತ್ತಾ? ಕಾಣುವ ಬೆಳಕಲ್ಲೇ ನಕ್ಷತ್ರ ಕಾಣುತ್ತದಲ್ಲ. ಮುಂಬೈಯಲ್ಲಿ ಅದೂ ಕಾಣುವುದಿಲ್ಲ, ಅದು ಬೇರೆ ವಿಷಯ.

ಪಾಷಾಣ್ ರಸ್ತೆ
ಬೇಕಿತ್ತು ಅಂತಲೇ ನಾನು ಹೇಳುವುದು. ಯಾಕೆಂದು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಒಂದು ವಸ್ತು ಎಷ್ಟು ಬಿಸಿಯೋ ಅದರ ಬೆಳಕು ಅಷ್ಟು ಗಿಡ್ಡ ತರಂಗದ ಕಡೆ ಸರಿಯುತ್ತದೆ. ಸೂರ್ಯನ ಮೇಲ್ಮೈ ಸುಮಾರು 5800 ಕೆಲ್ವಿನ್. ಅದರ ಬೆಳಕಿನ ಶಿಖರ 500 ನ್ಯಾನೋಮೀಟರ್ ಹತ್ತಿರ, ಕಣ್ಣಿಗೆ ಕಾಣುವ ನಡುಭಾಗದಲ್ಲೇ ಬರುತ್ತದೆ. 20,000 ಕೆಲ್ವಿನ್ ನಕ್ಷತ್ರ ತಗೊಳ್ಳಿ, ಶಿಖರ 145ಕ್ಕೆ ಹೋಯಿತು. ಅಂದರೆ ಅದರ ಬೆಳಕಿನಲ್ಲಿ ಹೆಚ್ಚಿನ ಪಾಲು ನಮ್ಮ ಕಣ್ಣಿಗೆ ಬರುವುದೇ ಇಲ್ಲ. ನಾವು ನೋಡುವುದು ಅದರ ಬಾಲ ಮಾತ್ರ.

ಈಗ ಆಕಾಶ ನೋಡಿ. ಚಿತ್ರಾ ನಕ್ಷತ್ರ ಸುಮಾರು 25,000 ಕೆಲ್ವಿನ್. ಜ್ಯೇಷ್ಠಾ, ಆರ್ದ್ರಾ ಎರಡೂ ಕೆಂಪು ಮಹಾದೈತ್ಯಗಳು, ಸುಮಾರು 3500 ಕೆಲ್ವಿನ್. ಬರಿಗಣ್ಣಿಗೆ ಮೂರೂ ಒಂದೇ ದರ್ಜೆಯವು ಅನಿಸುತ್ತವೆ. ಅತಿನೇರಳೆಯಲ್ಲಿ ಚಿತ್ರಾ ಧಗಧಗ ಉರಿಯುತ್ತದೆ, ಆರ್ದ್ರಾ ಮಂಕಾಗಿಬಿಡುತ್ತದೆ. ಚಿತ್ರಾದಂಥ ನಕ್ಷತ್ರದ ಕಡೆ ಯುವಿಐಟಿಯನ್ನು ತಿರುಗಿಸುವ ಹಾಗೇ ಇಲ್ಲ, ಡಿಟೆಕ್ಟರು ಹಾಳಾಗುತ್ತದೆ.

ಬಿಸಿ ನಕ್ಷತ್ರ ಅಂದರೆ ಭಾರದ ನಕ್ಷತ್ರ. ಭಾರದ್ದು ಬೇಗ ಸಾಯುತ್ತದೆ. ಸೂರ್ಯನ ಆಯುಷ್ಯ ಸುಮಾರು 1000 ಕೋಟಿ ವರ್ಷ. ಸೂರ್ಯನ 20 ಪಟ್ಟು ಭಾರದ್ದು ಒಂದು ಕೋಟಿ ವರ್ಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಹಾಗಾಗಿ ಒಂದು ಗೆಲಾಕ್ಸಿಯಲ್ಲಿ ಎಲ್ಲಿ ಅತಿನೇರಳೆ ಹೊಳೆಯುತ್ತದೋ ಅಲ್ಲಿ ಇತ್ತೀಚೆಗೆ ನಕ್ಷತ್ರ ಹುಟ್ಟಿದೆ ಅಂತ ಹೆಚ್ಚುಕಡಿಮೆ ಖಾತ್ರಿ. ಆಂಡ್ರೊಮಿಡಾವನ್ನು ಕಾಣುವ ಬೆಳಕಿನಲ್ಲಿ ನೋಡಿದರೆ ನಡುವೆ ದಪ್ಪ ಹಳದಿ ಉಬ್ಬು ಎದ್ದು ಕಾಣುತ್ತದೆ, ಅವು ಮುದಿ ನಕ್ಷತ್ರಗಳು. ಅತಿನೇರಳೆಯಲ್ಲಿ ಆ ಉಬ್ಬು ಕುಗ್ಗುತ್ತದೆ, ಸುತ್ತಲಿನ ಉಂಗುರ ಎದ್ದು ಬರುತ್ತದೆ. ಗೆಲಾಕ್ಸಿ ಅದೇ, ಆದರೆ ಕಾಣಿಸುವ ಜನಸಂಖ್ಯೆ ಬೇರೆ. ಎಲ್ಲಿ ಹೆರಿಗೆ ನಡೆದಿದೆ ಅಂತ ತಿಳಿಯಲು ಬೇರೆ ದಾರಿಗಳಿವೆ, ಇಷ್ಟು ನೇರವಾದದ್ದು ಕಡಿಮೆ.

ಹಡಪ್ಸರ್ ಐಟಿ
ಅಯ್ಯೋ, ಆ ಚಿತ್ರಗಳ ಬಣ್ಣವೆಲ್ಲ ಕಂಪ್ಯೂಟರಿನಲ್ಲಿ ಹಾಕಿದ್ದು. ಕಣ್ಣಿಗೇ ಕಾಣದ್ದಕ್ಕೆ ಎಲ್ಲಿಯ ಬಣ್ಣ? ಜನರಿಗೆ ನೀಲಿ ತೋರಿಸಿ "ಅತಿನೇರಳೆ ಚಿತ್ರ" ಅನ್ನುವುದು ಸರಿ ಅನಿಸುವುದಿಲ್ಲ ನನಗೆ.

ವಾಸ್ಕೊ ತಾರಾಲೋಕ
ಬಣ್ಣ ಹಾಕಿದ್ದು ಹೌದು, ಸುಳ್ಳು ಅಲ್ಲ. ಗಿಡ್ಡ ತರಂಗಕ್ಕೆ ನೀಲಿ, ಉದ್ದದ್ದಕ್ಕೆ ಕೆಂಪು ಅಥವಾ ಹಳದಿ ಕೊಡುತ್ತಾರೆ. ಕ್ರಮ ಹಾಗೇ ಉಳಿಯುತ್ತದೆ. ಎಕ್ಸ್-ರೇ ಫಿಲ್ಮ್ ಕಪ್ಪು-ಬಿಳುಪು ಅಂತ ಮೂಳೆ ಮುರಿದದ್ದು ಸುಳ್ಳಾಗುತ್ತದಾ?

ಹಡಪ್ಸರ್ ಐಟಿ
ಎಕ್ಸ್-ರೇ ಕೊಡುವ ಡಾಕ್ಟರ್ ಅದನ್ನು ಬಣ್ಣದ ಪೋಸ್ಟರ್ ಮಾಡಿ ಹಂಚುವುದಿಲ್ಲ. ಯಾವ ಬಣ್ಣ ಯಾವ ತರಂಗಕ್ಕೆ ಅಂತ ಚಿತ್ರದ ಕೆಳಗೆ ಬರೆಯಬೇಕು. ಬರೆಯದೆ ಹಂಚಿದರೆ ನಾನು ಒಪ್ಪುವುದಿಲ್ಲ.

ಪಾಷಾಣ್ ರಸ್ತೆ
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಶಾಲೆಗಳಿಗೆ ಕೊಡುವಾಗಲಂತೂ ಬರೆಯಲೇಬೇಕು.

ದೊಂಬಿವಲಿ ಅಜ್ಜ
ನನಗೆ ಕಣ್ಣಿನ ಪೊರೆಯ ಆಪರೇಶನ್ ಆಗಿದೆ. ಆಪರೇಶನ್ ಆದವರಿಗೆ ಅತಿನೇರಳೆ ಕಾಣುತ್ತದೆ ಅಂತ ಯಾರೋ ಹೇಳಿದರು. ನನಗಂತೂ ಏನೂ ಕಾಣುವುದಿಲ್ಲಪ್ಪ.

ಮಡಗಾಂವ್ ನರ್ಸ್
ಅಜ್ಜಾ, ಹೇಳಿದವರ ಮಾತಿನಲ್ಲಿ ಸತ್ಯ ಇದೆ. ಕಣ್ಣಿನೊಳಗಿನ ಮಸೂರವೇ 400 ನ್ಯಾನೋಮೀಟರ್‌ಗಿಂತ ಕೆಳಗಿನ ಬೆಳಕನ್ನು ತಡೆಯುವುದು. ಮೊದಲೆಲ್ಲ ಮಸೂರ ತೆಗೆದು ಸುಮ್ನೆ ದಪ್ಪ ಕನ್ನಡಕ ಕೊಡುತ್ತಿದ್ದರು. ಅಂಥವರಿಗೆ ಹತ್ತಿರದ ಅತಿನೇರಳೆ ಬಿಳಿ ಬೆರೆತ ನೀಲಿಯಾಗಿ ಕಾಣುತ್ತಿತ್ತು. ಈಗ ಒಳಗೆ ಕೂರಿಸುವ ಕೃತಕ ಮಸೂರದಲ್ಲೇ ಅತಿನೇರಳೆ ತಡೆ ಸೇರಿರುತ್ತದೆ. ನಿಮಗೆ ಕಾಣದಿರುವುದೇ ಒಳ್ಳೆಯದು, ಕಣ್ಣಿನ ಪರದೆಗೆ ರಕ್ಷಣೆ.

ದೊಂಬಿವಲಿ ಅಜ್ಜ
ಬಹಳ ಚೆನ್ನಾಗಿ ಹೇಳಿದೆ ತಾಯಿ. ಡಾಕ್ಟರು ಇಷ್ಟು ಹೇಳಿರಲಿಲ್ಲ.

ಮುಲುಂಡ್ ಅಪ್ಪ
ಚಿಕ್ಕ ಕನ್ನಡಿಯ ಮಾತು ಇನ್ನೂ ಉಳಿದಿದೆ. ನಾಸಾದ ಹಬಲ್ ದೂರದರ್ಶಕ 2.4 ಮೀಟರ್, ಅದೂ ಮೇಲೇ ಇದೆ, ಅದಕ್ಕೂ ಅತಿನೇರಳೆ ಕಾಣುತ್ತದೆ. ಮತ್ತೆ 38 ಸೆಂ.ಮೀ. ಯಾಕೆ?

ಠಾಣೆ ಬಿಎಸ್ಸಿ
ಹಬಲ್ ಒಂದು ಸಲಕ್ಕೆ ನೋಡುವ ತುಂಡು ತುಂಬ ಸಣ್ಣದು ಅಂಕಲ್. ಅದರ ಅತಿನೇರಳೆ ಕ್ಯಾಮೆರಾಕ್ಕೆ ಸಿಗುವುದು ಸುಮಾರು 2.7 ಆರ್ಕ್‌ಮಿನಿಟ್ ಅಗಲ (ಒಂದು ಡಿಗ್ರಿಗೆ 60 ಆರ್ಕ್‌ಮಿನಿಟ್, ಒಂದು ಆರ್ಕ್‌ಮಿನಿಟ್‌ಗೆ 60 ಆರ್ಕ್‌ಸೆಕೆಂಡ್). ಯುವಿಐಟಿಗೆ 28 ಆರ್ಕ್‌ಮಿನಿಟ್, ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನಷ್ಟು. ಒಂದು ನಕ್ಷತ್ರಗುಚ್ಛ ಪೂರ್ತಿ ಒಂದೇ ಚಿತ್ರದಲ್ಲಿ ಸಿಗುತ್ತದೆ. ನಾಸಾದ ಅತಿನೇರಳೆ ಉಪಗ್ರಹ ಗೆಲೆಕ್ಸ್ 2003ರಿಂದ 2013ರ ತನಕ ಇನ್ನೂ ಅಗಲವಾಗಿ, 1.2 ಡಿಗ್ರಿ ನೋಡುತ್ತಿತ್ತು, ಆದರೆ ಚಿತ್ರ ಮಸುಕು, ಸುಮಾರು 5 ಆರ್ಕ್‌ಸೆಕೆಂಡ್. ಯುವಿಐಟಿಯದ್ದು 1.5ರ ಹತ್ತಿರ. ಗೆಲೆಕ್ಸ್‌ಗೆ ಒಂದೇ ಚುಕ್ಕೆಯಾಗಿ ಕಂಡದ್ದು ಯುವಿಐಟಿಗೆ ಎರಡು ಮೂರು ನಕ್ಷತ್ರವಾಗಿ ಬಿಡಿಬಿಡಿ ಕಾಣುತ್ತದೆ. ಮೂರಕ್ಕೂ ಅದರದರ ಕೆಲಸ ಇದೆ.

ಪಾಷಾಣ್ ರಸ್ತೆ
ಇನ್ನೊಂದು ಮುಖ್ಯ ಕಾರಣ: ಹಬಲ್‌ನಲ್ಲಿ ಸಮಯ ಸಿಗುವುದು ಬಹಳ ಕಷ್ಟ. ಜಗತ್ತಿನವರೆಲ್ಲ ಸಾಲಿನಲ್ಲಿ ನಿಂತಿರುತ್ತಾರೆ. ನಮ್ಮದೇ ಉಪಗ್ರಹ ಇದ್ದರೆ ಒಂದೇ ಜಾಗವನ್ನು ಗಂಟೆಗಟ್ಟಲೆ ನೋಡುವ ಧೈರ್ಯ ಮಾಡಬಹುದು.

ಕನ್ನಡಿ ಚಿಕ್ಕದು ಅಂತ ಹಗುರ ಮಾಡಬೇಡಿ. 1978ರಲ್ಲಿ ಹೋದ ಐಯುಇ ಅನ್ನುವ ಅತಿನೇರಳೆ ಉಪಗ್ರಹದ ಕನ್ನಡಿ 45 ಸೆಂ.ಮೀ. 3 ವರ್ಷಕ್ಕೆ ಅಂತ ಮಾಡಿದ್ದು, 1996ರ ತನಕ ನಡೆಯಿತು. ಹ್ಯಾಲಿ ಧೂಮಕೇತು, 1987ರ ಸೂಪರ್‌ನೋವಾ ಎಲ್ಲ ನೋಡಿತು.

ವಾಸ್ಕೊ ತಾರಾಲೋಕ
ಚಂದ್ರನ ಮೇಲೂ ಒಂದು ಅತಿನೇರಳೆ ಕ್ಯಾಮೆರಾ ಇಟ್ಟಿದ್ದರು! 1972ರ ಏಪ್ರಿಲ್‌ನಲ್ಲಿ ಅಪೊಲೊ 16ರವರು. ಅದನ್ನು ಮಾಡಿದವರು ಜಾರ್ಜ್ ಕಾರುಥರ್ಸ್. ಭೂಮಿಯ ಸುತ್ತ ಹಬ್ಬಿರುವ ಹೈಡ್ರೋಜನ್ ಹೊದಿಕೆಯ ಚಿತ್ರ ತೆಗೆಯಿತು. ಆ ಕ್ಯಾಮೆರಾ ಇವತ್ತಿಗೂ ಅಲ್ಲೇ ಇದೆ.

ಗೆಲೆಕ್ಸ್ ಮಾಡಿದ ಒಂದು ಕೆಲಸ ನನಗೆ ಇನ್ನೂ ಮೈ ಜುಮ್ ಅನಿಸುತ್ತದೆ. ಮೀರಾ ಅನ್ನುವ ನಕ್ಷತ್ರವನ್ನು 1596ರಿಂದ ಜನ ನೋಡುತ್ತಿದ್ದಾರೆ. ನಾಲ್ಕು ಶತಮಾನ ನೋಡಿದರೂ ಯಾರಿಗೂ ಗೊತ್ತಿರಲಿಲ್ಲ, ಅದಕ್ಕೆ 13 ಜ್ಯೋತಿರ್ವರ್ಷ ಉದ್ದದ ಬಾಲ ಇದೆ ಅಂತ. 2007ರಲ್ಲಿ ಗೆಲೆಕ್ಸ್ ತೋರಿಸಿತು. ಸುಮಾರು 30,000 ವರ್ಷದಿಂದ ಆ ನಕ್ಷತ್ರ ಉದುರಿಸಿಕೊಂಡು ಬಂದ ಅನಿಲ ಅದು. ಹೊಳೆಯುವುದು ದೂರದ ಅತಿನೇರಳೆಯಲ್ಲಿ ಮಾತ್ರ.

ಮಾಟುಂಗಾ ಹೋಟೆಲು
ಇದು ಒಳ್ಳೆಯ ಸಂಗತಿ. ಆದರೆ ಅದು ಅಮೆರಿಕದವರದು. ನಮ್ಮದು ಏನು ಕಂಡಿತು ಹೇಳಿ. 178 ಕೋಟಿಗೆ ಲೆಕ್ಕ ಬೇಕಲ್ವಾ?

ಪಾಷಾಣ್ ರಸ್ತೆ
ಲೆಕ್ಕ ಕೊಡುತ್ತೇನೆ. ಪುಣೆಯದ್ದೇ ಕೊಡುತ್ತೇನೆ.

2016ರ ಅಕ್ಟೋಬರ್‌ನಲ್ಲಿ ಯುವಿಐಟಿ ಆಕಾಶದ ಒಂದು ತುಂಡನ್ನು ಒಟ್ಟು 28 ಗಂಟೆ ನೋಡಿತು. ಹಬಲ್ ಅತಿ ಆಳವಾಗಿ ನೋಡಿದ ಜಾಗವೂ ಅದರಲ್ಲೇ ಬರುತ್ತದೆ. 28 ಗಂಟೆ ಒಂದೇ ಸಲಕ್ಕೆ ಸಿಗುವುದಿಲ್ಲ. ಉಪಗ್ರಹ ಭೂಮಿಯನ್ನು ಸುತ್ತಲು ಸುಮಾರು 98 ನಿಮಿಷ, ಅದರಲ್ಲಿ ಭೂಮಿಯ ನೆರಳಿನಲ್ಲಿರುವ ಹೊತ್ತು ಮಾತ್ರ ಉಪಯೋಗಕ್ಕೆ ಬರುತ್ತದೆ. ತುಣುಕು ತುಣುಕು ಸೇರಿಸಿ 28 ಗಂಟೆ.

ಅದರಲ್ಲಿ ಆಯುಕಾದ ಕನಕ್ ಸಾಹಾ ಅವರ ತಂಡಕ್ಕೆ 930 ಕೋಟಿ ಜ್ಯೋತಿರ್ವರ್ಷ ದೂರದ ಒಂದು ಗೆಲಾಕ್ಸಿಯಿಂದ ಬಂದ ಬೆಳಕು ಸಿಕ್ಕಿತು. ಹೆಸರು ಎಯುಡಿಎಫ್‌ಎಸ್01. ಇದರಲ್ಲಿ ವಿಶೇಷ ಏನು ಅಂದರೆ, ಆ ಬೆಳಕು ಅಲ್ಲಿಂದ ಹೊರಟಾಗ ಸುಮಾರು 60 ನ್ಯಾನೋಮೀಟರ್ ಇತ್ತು. 91.2 ನ್ಯಾನೋಮೀಟರ್‌ಗಿಂತ ಗಿಡ್ಡ ಬೆಳಕಿಗೆ ಹೈಡ್ರೋಜನ್ ಪರಮಾಣುವನ್ನು ಒಡೆಯುವ ಶಕ್ತಿ ಇದೆ. ಅಂದರೆ ದಾರಿಯಲ್ಲಿ ಹೈಡ್ರೋಜನ್ ಸಿಕ್ಕಿದರೆ ಅದನ್ನು ಒಡೆದು ತಾನೂ ಮುಗಿದುಹೋಗುತ್ತದೆ. ಗೆಲಾಕ್ಸಿಯ ತುಂಬ ಇರುವುದೇ ಹೈಡ್ರೋಜನ್. ಹಾಗಿದ್ದೂ ತಪ್ಪಿಸಿಕೊಂಡು ಬಂತು. ಬರುವಷ್ಟರಲ್ಲಿ ವಿಶ್ವ ಹಿಗ್ಗಿ ಅದರ ತರಂಗ 2.42 ಪಟ್ಟು ಉದ್ದವಾಗಿ, ಯುವಿಐಟಿ ನೋಡುವ ಅಳತೆಗೆ ಬಂತು.

ಇದು ಯಾಕೆ ಬೇಕು? ವಿಶ್ವದ ಮೊದಲ ಕಾಲದಲ್ಲಿ ಎಲ್ಲೆಲ್ಲೂ ತಣ್ಣಗಿನ ಹೈಡ್ರೋಜನ್ ಮಬ್ಬು ತುಂಬಿತ್ತು. ಅದನ್ನು ಒಡೆದು ಆಕಾಶ ತಿಳಿಯಾಗಿಸಿದ್ದು ಮೊದಲ ಗೆಲಾಕ್ಸಿಗಳಿಂದ ಸೋರಿದ ಇಂಥದ್ದೇ ಬೆಳಕು ಅನ್ನುವುದು ಈಗಿನ ತಿಳುವಳಿಕೆ. ಹೇಗೆ ಸೋರಿತು ಅನ್ನುವುದಕ್ಕೆ ಉದಾಹರಣೆಗಳು ಕಡಿಮೆ. ನಮ್ಮ 38 ಸೆಂ.ಮೀ. ಕನ್ನಡಿ ಒಂದು ಉದಾಹರಣೆ ತಂದುಕೊಟ್ಟಿತು. 2020ರಲ್ಲಿ ನೇಚರ್ ಅಸ್ಟ್ರಾನಮಿಯಲ್ಲಿ ಪ್ರಕಟವಾಯಿತು. ಚಿತ್ರ ಸಿಕ್ಕಿದ್ದು 2016ಕ್ಕೆ, ಹೊರಗೆ ಹೇಳಿದ್ದು 2020ಕ್ಕೆ. ಮಧ್ಯೆ ಪೂರ್ತಿ ಪರೀಕ್ಷೆ. ನಾನು ತುಂಬ ಗೌರವಿಸುವುದು ಆ ತಾಳ್ಮೆಯನ್ನು.

ಮಾಟುಂಗಾ ಹೋಟೆಲು
930 ಕೋಟಿ ವರ್ಷದ ಹಿಂದೆ ಹೊರಟ ಬೆಳಕು! ಭೂಮಿ ಹುಟ್ಟಿ 450 ಕೋಟಿ ಅಂತಾರೆ. ಭೂಮಿಯೇ ಇಲ್ಲದಾಗ ಹೊರಟದ್ದು ಇಲ್ಲಿ ಬಂದು ಸಿಕ್ಕಿತು ಅಂದ ಹಾಗಾಯಿತು. ಇದಕ್ಕೆ ದುಡ್ಡು ಕೊಟ್ಟರೆ ನನಗೆ ಬೇಸರ ಇಲ್ಲ ಮಾರಾಯ್ರೆ.

ಉಪಗ್ರಹದ ಮಾತು ಬಂದಾಗ ಒಂದು ಹೇಳಲೇಬೇಕು. ನಮ್ಮ ಉಡುಪಿ ಕಡೆಯ ಅದಮಾರಿನ ಯು. ಆರ್. ರಾವ್ ಅವರು 1975ರಲ್ಲಿ ಆರ್ಯಭಟ ಹಾರಿಸದಿದ್ದರೆ ಇದೆಲ್ಲ ಎಲ್ಲಿ? ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಈಗ ಅವರದೇ ಹೆಸರು.

ದೊಂಬಿವಲಿ ಅಜ್ಜ
ಹೌದು. ಆರ್ಯಭಟ ಹೋದ ದಿನ ನಾವು ಚಾಳಿನಲ್ಲಿ ಎಲ್ಲರೂ ರೇಡಿಯೋ ಸುತ್ತ ಕೂತಿದ್ದೆವು.

ಠಾಣೆ ಬಿಎಸ್ಸಿ
ಆಸ್ಟ್ರೋಸ್ಯಾಟ್‌ನಲ್ಲಿ ಮುಂಬೈಯವರ ಪಾಲೂ ದೊಡ್ಡದು. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್‌ನವರು ಎಕ್ಸ್-ರೇ ಉಪಕರಣಗಳನ್ನು ಮಾಡಿದರು. ಯುವಿಐಟಿ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರ ಮುಂದಾಳತ್ವದಲ್ಲಿ ಆಯಿತು, ಆಯುಕಾ, ಟಿಐಎಫ್‌ಆರ್, ಇಸ್ರೋ ಮತ್ತು ಕೆನಡಾದವರು ಸೇರಿ. ಒಂದೇ ವಸ್ತುವನ್ನು ಒಂದೇ ಹೊತ್ತಿಗೆ ಅತಿನೇರಳೆಯಲ್ಲೂ ಎಕ್ಸ್-ರೇಯಲ್ಲೂ ನೋಡಬಹುದು. ಅದು ದೊಡ್ಡ ಅನುಕೂಲ.

ಚೆಂಬೂರು ಟೀಚರ್
ನಾನು ಕನ್ನಡ ಮಾಧ್ಯಮದ ಶಾಲೆಯಲ್ಲಿ ವಿಜ್ಞಾನ ಹೇಳುತ್ತೇನೆ. ಇಷ್ಟೆಲ್ಲ ಕನ್ನಡದಲ್ಲಿ ಒಂದೇ ಕಡೆ ಸಿಕ್ಕಿದ್ದು ಖುಷಿ. ಒಂದು ಪ್ರಶ್ನೆ. ಅಷ್ಟು ದೂರದಿಂದ ಬರುವ ಬೆಳಕು ಎಷ್ಟು ಸ್ವಲ್ಪ ಇರುತ್ತದೆ? ಅದನ್ನು ಹಿಡಿಯುವುದು ಹೇಗೆ? ಮಕ್ಕಳು ಖಂಡಿತ ಕೇಳುತ್ತಾರೆ.

ಪಾಷಾಣ್ ರಸ್ತೆ
ಮೇಡಂ, ಯುವಿಐಟಿ ಬೆಳಕನ್ನು ಕಣ ಕಣವಾಗಿ ಎಣಿಸುತ್ತದೆ. ಒಂದು ಫೋಟಾನ್ ಬಂದು ಡಿಟೆಕ್ಟರಿನ ಲೇಪದ ಮೇಲೆ ಬೀಳುತ್ತದೆ. ಅಲ್ಲಿಂದ ಒಂದು ಎಲೆಕ್ಟ್ರಾನ್ ಏಳುತ್ತದೆ. ಅದು ಕೂದಲಿಗಿಂತ ಸಣ್ಣ ತೂತುಗಳಿರುವ ಒಂದು ಬಿಲ್ಲೆಯೊಳಗೆ ಹೊಕ್ಕು, ಗೋಡೆಗೆ ಬಡಿದು ಬಡಿದು ಎಲೆಕ್ಟ್ರಾನ್‌ಗಳ ದೊಡ್ಡ ಹಿಂಡಾಗಿ ಹೊರಗೆ ಬರುತ್ತದೆ. ಆ ಹಿಂಡು ಒಂದು ಪರದೆಗೆ ಬಡಿದರೆ ಸಣ್ಣ ಮಿಣುಕು. ಮಿಣುಕನ್ನು ಕ್ಯಾಮೆರಾ ಚಿಪ್ ಹಿಡಿಯುತ್ತದೆ, ಸೆಕೆಂಡಿಗೆ ಸುಮಾರು 29 ಚೌಕಟ್ಟು. ಎಲ್ಲಿ ಮಿಣುಕಿತು ಅಂತ ಒಂದು ಪಿಕ್ಸೆಲ್‌ಗಿಂತಲೂ ಸಣ್ಣ ಅಳತೆಯಲ್ಲಿ ಗುರುತು ಹಾಕಿಕೊಳ್ಳುತ್ತದೆ. ಚಿತ್ರ ಅಂದರೆ ಆ ಗುರುತುಗಳ ಪಟ್ಟಿ, ಅಷ್ಟೇ.

ಇನ್ನೊಂದು ತೊಡಕು: ಉಪಗ್ರಹ ನೆಟ್ಟಗೆ ನಿಲ್ಲುವುದಿಲ್ಲ, ಮೆಲ್ಲಗೆ ತೂಗುತ್ತಿರುತ್ತದೆ. ಹಾಗೇ ಚಿತ್ರ ತೆಗೆದರೆ ಓಡುವ ಲೋಕಲ್‌ನ ಕಿಟಕಿಯಿಂದ ಸ್ಟೇಷನ್ ಬೋರ್ಡಿನ ಫೋಟೋ ತೆಗೆದ ಹಾಗೆ ಉಜ್ಜಿಹೋಗುತ್ತದೆ. ಅದಕ್ಕೇ ಕಾಣುವ ಬೆಳಕಿನ ಕವಲು ಪ್ರಕಾಶದ ನಕ್ಷತ್ರಗಳನ್ನು ನೋಡುತ್ತ ಎಷ್ಟು ಸರಿದಿದೆ ಅಂತ ಲೆಕ್ಕ ಇಡುತ್ತದೆ. ಆಮೇಲೆ ನೆಲದಲ್ಲಿ ಪ್ರತಿ ಫೋಟಾನನ್ನೂ ಅದರ ಸರಿಯಾದ ಜಾಗಕ್ಕೆ ತಂದು ಕೂರಿಸುತ್ತಾರೆ.

ಚೆಂಬೂರು ಟೀಚರ್
ಕನ್ನಡಿಗೆ ಏನು ಲೇಪ? ಬೆಳ್ಳಿಯಾ?

ಪಾಷಾಣ್ ರಸ್ತೆ
ಬೆಳ್ಳಿ ಅತಿನೇರಳೆಗೆ ಉಪಯೋಗಕ್ಕೆ ಬಾರದು, ಚಿನ್ನವೂ ಬಾರದು. ಅಲ್ಯೂಮಿನಿಯಂ ಬೇಕು. ಅದಕ್ಕೆ ಗಾಳಿ ತಾಗಿದ ಕೂಡಲೇ ಆಕ್ಸೈಡ್ ಪದರ ಬರುತ್ತದೆ, ಅದು ದೂರದ ಅತಿನೇರಳೆಯನ್ನು ನುಂಗುತ್ತದೆ. ಅದಕ್ಕೆ ಮೇಲೆ ತೆಳುವಾಗಿ ಮೆಗ್ನೀಷಿಯಂ ಫ್ಲೋರೈಡ್ ಹಾಕಿ ಮುಚ್ಚುತ್ತಾರೆ.

ಲೇಪದ ಕೆಲಸ ಹತ್ತಿರದಿಂದ ನೋಡಿದವಳು ನಾನು, ಒಂದು ಮಾತು ಸೇರಿಸುತ್ತೇನೆ. ಇದರ ದೊಡ್ಡ ಶತ್ರು ಎಣ್ಣೆಯ ಅಂಶ. ಬೆರಳಿನ ಗುರುತು ದೂರದ ಮಾತು. ಪಕ್ಕದಲ್ಲಿರುವ ಪ್ಲಾಸ್ಟಿಕ್ಕು, ಅಂಟು, ಬಣ್ಣ ಇವುಗಳಿಂದ ಏಳುವ ಆವಿಯೇ ಸಾಕು. ಕಣ್ಣಿಗೆ ಕಾಣದಷ್ಟು ತೆಳುವಾಗಿ ಕನ್ನಡಿಯ ಮೇಲೆ ಕೂತರೂ ದೂರದ ಅತಿನೇರಳೆಯನ್ನು ನುಂಗಿಬಿಡುತ್ತದೆ. ಅದಕ್ಕೇ ಬೆಂಗಳೂರು ಹತ್ತಿರದ ಹೊಸಕೋಟೆಯಲ್ಲಿ ಇದಕ್ಕೆಂದೇ ಮಾಡಿದ ಶುದ್ಧ ಕೋಣೆಯಲ್ಲಿ ಇದನ್ನು ಜೋಡಿಸಿದರು. ಮೇಲೆ ಹೋದ ಮೇಲೂ ಸುಮಾರು 2 ತಿಂಗಳು ಬಾಗಿಲು ತೆರೆಯಲಿಲ್ಲ, ಉಪಗ್ರಹದಲ್ಲಿದ್ದ ಆವಿಯೆಲ್ಲ ಹೊರಗೆ ಹೋಗಲಿ ಅಂತ. 2015ರ ನವೆಂಬರ್ 30ಕ್ಕೆ ತೆರೆದರು. ಮೊದಲು ನೋಡಿದ್ದು ಎನ್‌ಜಿಸಿ 188 ಅನ್ನುವ ಹಳೆಯ ನಕ್ಷತ್ರಗುಚ್ಛ.

ವಾಸ್ಕೊ ತಾರಾಲೋಕ
ಎನ್‌ಜಿಸಿ 188ರಲ್ಲೇ ಒಂದು ಸ್ವಾರಸ್ಯ ಸಿಕ್ಕಿತು. ಗುಚ್ಛದ ನಕ್ಷತ್ರಗಳೆಲ್ಲ ಮುದಿ, ಆದರೆ ಕೆಲವು ಮಾತ್ರ ಹರೆಯದವರ ಹಾಗೆ ನೀಲಿಯಾಗಿ ಹೊಳೆಯುತ್ತವೆ. ಯುವಿಐಟಿ ನೋಡಿದಾಗ ಅಂಥ ಒಂದರ ಪಕ್ಕದಲ್ಲಿ ಕಾಣುವ ಬೆಳಕಿನಲ್ಲಿ ತಿಳಿಯದ ಬಿಸಿ ಸಂಗಾತಿ ಇರುವುದು ಗೊತ್ತಾಯಿತು. ಸಂಗಾತಿಯ ಹೊರಪದರವನ್ನು ಹೀರಿ ಇದು ಮತ್ತೆ ಯೌವನಕ್ಕೆ ಬಂದಿದೆ.

ಹಡಪ್ಸರ್ ಐಟಿ
ಒಳ್ಳೆಯದೆಲ್ಲ ಹೇಳುತ್ತಿದ್ದೀರಿ. ಕಹಿಯನ್ನೂ ಹೇಳಿ. 2018ರಲ್ಲಿ ಹತ್ತಿರದ ಅತಿನೇರಳೆ ಕವಲು ಕೆಲಸ ನಿಲ್ಲಿಸಿತಲ್ಲ. ಅರ್ಧ ದೂರದರ್ಶಕ ಹೋದ ಹಾಗೇ.

ಠಾಣೆ ಬಿಎಸ್ಸಿ
ಅರ್ಧ ಅಂತ ಹೇಳಬೇಡಿ ಸರ್. ದೂರದ ಅತಿನೇರಳೆಯ ಕವಲು ಮುಂದುವರಿಯಿತು. 5 ವರ್ಷಕ್ಕೆ ಮಾಡಿದ ಉಪಗ್ರಹ 10 ವರ್ಷ ದಾಟಿತು.

ಹಡಪ್ಸರ್ ಐಟಿ
ದಾಟಿತು, ಸಂತೋಷ. ಮುಂದಿನದು ಎಲ್ಲಿ? ಒಂದು ಉಪಗ್ರಹಕ್ಕೆ ವಯಸ್ಸಾಗುವ ಮೊದಲೇ ಇನ್ನೊಂದು ಸಿದ್ಧ ಇರಬೇಕು. ಹುಡುಗರು ಕಲಿತು ತಯಾರಾದ ಹೊತ್ತಿಗೆ ಉಪಕರಣವೇ ಇಲ್ಲ ಅಂದರೆ ಅವರೆಲ್ಲ ಏನು ಮಾಡಬೇಕು? ನನಗೆ ಸಿಟ್ಟು ಬರುವುದು ಇದಕ್ಕೆ.

ಪಾಷಾಣ್ ರಸ್ತೆ
ಈ ಸಿಟ್ಟು ನ್ಯಾಯವಾದದ್ದು. ಇನ್ಸಿಸ್ಟ್ ಅಂತ 1 ಮೀಟರ್ ಕನ್ನಡಿಯ ಪ್ರಸ್ತಾವ ಬೆಂಗಳೂರಿನವರದು ಇದೆ. ಅದು ಪ್ರಸ್ತಾವದಿಂದ ಮೇಲೇಳಬೇಕು. ಹಬಲ್ 1990ರಲ್ಲಿ ಹೋದದ್ದು, ಅದಕ್ಕೂ ವಯಸ್ಸಾಗಿದೆ. ಜೇಮ್ಸ್ ವೆಬ್‌ಗೆ ಅತಿನೇರಳೆ ಕಾಣುವುದೇ ಇಲ್ಲ, ಅದು ಇನ್ಫ್ರಾರೆಡ್‌ನದು. ಈ ಹೊತ್ತಿನಲ್ಲಿ ಒಳ್ಳೆಯ ಅತಿನೇರಳೆ ದೂರದರ್ಶಕ ಯಾರ ಹತ್ತಿರ ಇರುತ್ತದೋ ಜಗತ್ತು ಅವರ ಮನೆ ಬಾಗಿಲಿಗೆ ಬರುತ್ತದೆ.

ಹಾಗಂತ ಕೈಕಟ್ಟಿ ಕೂತಿಲ್ಲ. ಸೂರ್ಯನನ್ನು ನೋಡುವ ನಮ್ಮ ನೌಕೆ ಆದಿತ್ಯ ಎಲ್-1ರಲ್ಲಿ ಸೂಟ್ ಅನ್ನುವ ದೂರದರ್ಶಕ ಇದೆ, ಮಾಡಿದ್ದು ಇಲ್ಲೇ ಪುಣೆಯ ಆಯುಕಾ, ಇಸ್ರೋ ಜೊತೆ ಸೇರಿ. 200ರಿಂದ 400 ನ್ಯಾನೋಮೀಟರ್‌ನಲ್ಲಿ ಇಡೀ ಸೂರ್ಯನ ಚಿತ್ರ, 11 ಫಿಲ್ಟರು. 2023ರ ಸೆಪ್ಟೆಂಬರ್ 2ಕ್ಕೆ ಹೊರಟು 2024ರ ಜನವರಿ 6ಕ್ಕೆ 15 ಲಕ್ಷ ಕಿ.ಮೀ. ದೂರದ ತನ್ನ ಜಾಗ ಸೇರಿತು. ನಮ್ಮ ಓಝೋನ್ ಹುಟ್ಟುವುದೂ ಒಡೆಯುವುದೂ ಸೂರ್ಯನ ಅತಿನೇರಳೆಯಿಂದಲೇ, ಅದಕ್ಕೆ ಇದು ಮುಖ್ಯ.

ಮುಲುಂಡ್ ಅಪ್ಪ
ಎಲ್ಲರಿಗೂ ಧನ್ಯವಾದ. ಮಗಳು ಪಕ್ಕದಲ್ಲೇ ಕೂತು ಓದಿದಳು. ಅವಳ ಪ್ರಶ್ನೆ: ಈ ಚಿತ್ರಗಳನ್ನು ಅವಳೇ ನೋಡಬಹುದಾ, ಇಲ್ಲ ವಿಜ್ಞಾನಿಗಳಿಗೆ ಮಾತ್ರವಾ?

ಠಾಣೆ ಬಿಎಸ್ಸಿ
ನೋಡಬಹುದು, ದುಡ್ಡಿಲ್ಲ. ಅಲಾದಿನ್ ಲೈಟ್ ಅಂತ ಹುಡುಕಿ, ಬ್ರೌಸರಿನಲ್ಲೇ ತೆರೆಯುತ್ತದೆ. ಚಿತ್ರಗಳ ಪಟ್ಟಿಯಲ್ಲಿ ಗೆಲೆಕ್ಸ್ ಆರಿಸಿ, ಹುಡುಕುವಲ್ಲಿ ಎಂ31 ಅಂತ ಹಾಕಿ, ಆಂಡ್ರೊಮಿಡಾ ಬರುತ್ತದೆ. ಆಮೇಲೆ ಕಾಣುವ ಬೆಳಕಿನ ಚಿತ್ರಕ್ಕೆ ಬದಲಾಯಿಸಿ ಹೋಲಿಸಲಿ. ಆಸ್ಟ್ರೋಸ್ಯಾಟ್‌ನ ಮಾಹಿತಿ ಬೇಕಾದರೆ ಇಸ್ರೋ ಸಂಗ್ರಹದಲ್ಲಿದೆ, ಆದರೆ ಅದನ್ನು ಬಿಡಿಸಲು ಸ್ವಲ್ಪ ಪ್ರೋಗ್ರಾಮಿಂಗ್ ಬೇಕು.

ಪಾಷಾಣ್ ರಸ್ತೆ
ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಆಯುಕಾ ಸಾರ್ವಜನಿಕರಿಗೆ ತೆರೆದಿರುತ್ತದೆ. ಕರೆದುಕೊಂಡು ಬನ್ನಿ ಸರ್. ಬೆಳಿಗ್ಗೆ ಬೇಗ ಬನ್ನಿ, ಮಧ್ಯಾಹ್ನದ ಹೊತ್ತಿಗೆ ಜನ ಜಾಸ್ತಿ.

ಮಾಟುಂಗಾ ಹೋಟೆಲು
ಪುಣೆಗೆ ಹೋಗುವಾಗ ಘಾಟ್‌ನಲ್ಲಿ ಟ್ರಾಫಿಕ್ ನೋಡಿಕೊಂಡು ಹೊರಡಿ. ಟ್ರೇನೇ ಒಳ್ಳೆಯದು.

ಚೆಂಬೂರು ಟೀಚರ್
ಇದನ್ನೆಲ್ಲ ಸೇರಿಸಿ ಎರಡು ಪುಟ ಮಾಡಿ ಮಕ್ಕಳಿಗೆ ಪ್ರಿಂಟ್ ಕೊಡಲಾ? ಯಾರದೂ ಅಡ್ಡಿ ಇಲ್ಲ ತಾನೇ?

ಹಡಪ್ಸರ್ ಐಟಿ
ಕೊಡಿ ಮೇಡಂ. ಚಿತ್ರ ಹಾಕಿದರೆ ಕೆಳಗೆ ಯಾವ ಬಣ್ಣ ಯಾವ ತರಂಗ ಅಂತ ಬರೆಯಿರಿ.

ವಾಸ್ಕೊ ತಾರಾಲೋಕ
ನನ್ನದೂ ಒಪ್ಪಿಗೆ. ಮೀರಾ ಖಂಡಿತ ಹಾಕಿ.

ಪಾಷಾಣ್ ರಸ್ತೆ
ಧಾರಾಳವಾಗಿ ಕೊಡಿ. ಎರಡು ವಿಷಯ ಮಾತ್ರ ನೋಡಿಕೊಳ್ಳಿ. "ಓಝೋನ್ ತಡೆಯುತ್ತದೆ" ಅಂತ ಬರೆಯುವಲ್ಲಿ "ಓಝೋನ್ ಮತ್ತು ಆಮ್ಲಜನಕ" ಅಂತಲೇ ಬರಲಿ. ಇನ್ನು ಆ ಪುಣೆಯವರ ಗೆಲಾಕ್ಸಿಯ ಬಗ್ಗೆ "ಹಬಲ್‌ಗೆ ಕಾಣದ ಗೆಲಾಕ್ಸಿ" ಅಂತ ಹಾಕಬೇಡಿ, ಪೇಪರಿನವರು ಹಾಗೆ ಬರೆದುಬಿಡುತ್ತಾರೆ. ಗೆಲಾಕ್ಸಿ ಹಬಲ್ ಚಿತ್ರದಲ್ಲಿ ಇದೆ. ಹೈಡ್ರೋಜನ್ ಒಡೆಯುವ ಬೆಳಕು ಅದರಿಂದ ಹೊರಗೆ ಬರುತ್ತಿದೆ ಅಂತ ಹಿಡಿದದ್ದು ಯುವಿಐಟಿ.